ದೇವರ ಜಗಲಿಯ ಮೇಲಿನ ಹರಳು

ಗಾಜಿನ ನಳಿಗೆ ಖಾಲಿಯಾಗಿತ್ತು. ಶಿದ್ಲಿಂಗಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಬೆಳಿಗ್ಗೆ ಹುಕ್ಕೇರಿಗೆ ಹೊರಟಾಗ ಅದರೊಳಗೆ ಹರಳಿತ್ತು.

"ಯವ್ವಾ, ಇದರಾಗಿಂದು ಎಲ್ಲಿ?"

"ದೇವರ ಜಗಲಿ ಮ್ಯಾಲ ಐತಿ," ಎಂದಳು ತಾಯಿ ಪಾರವ್ವ, ಒಳಗಿನಿಂದ. "ಆ ರಾಡಿ ನೀರಾಗ ಯಾಕ ಇಟ್ಟಿದ್ದಿ? ನೀರು ಚೆಲ್ಲಿ, ಒರಿಸಿ, ದೀಪದ ಬಾಜೂಕ ಇಟ್ಟೇನಿ. ಓಣಿ ಮಂದಿ ಎಲ್ಲಾ ನೋಡಿ ಹೋತು."

ಅದು ಕ್ವಿನೈನ್ ಸಲ್ಫೇಟ್, ಚಳಿಜ್ವರಕ್ಕೆ ಕೊಡುವ ಕಹಿ ಲವಣ. ಎಲ್ಲರೂ ಕಂಡದ್ದು ಅದರ ಪುಡಿಯನ್ನು. ಇವನು ಮುಂಬಯಿಯ ಕಾಲೇಜಿನಲ್ಲಿ ಸೋತು, ಗೋಕಾಕದ ಈ ಮನೆಯ ಅಟ್ಟದಲ್ಲಿ ಗೆದ್ದು, ಬಿರುಕಿಲ್ಲದ ಒಂದೇ ಒಂದು ಸೂಜಿಯಂಥ ಹರಳನ್ನು ಬೆಳೆಸಿದ್ದ. ನಾಳೆ ಅದನ್ನು ಮುಂಬಯಿಗೆ ಒಯ್ದು, ಕ್ಷ-ಕಿರಣ ಹಾಯಿಸಿ, ಒಳಗಿನ ಅಣುಗಳು ಹೇಗೆ ಜೋಡಿಸಿಕೊಂಡಿವೆಯೆಂದು ಚಿತ್ರ ತೆಗೆಯುವುದಿತ್ತು. ಯಾರೂ ಕಾಣದ್ದನ್ನು ತಾನು ಕಾಣುವೆನೆಂಬ ಜಂಬ ಅವನಿಗಿತ್ತು. ಅದನ್ನು ಬಿಟ್ಟರೆ ಅವನಿಗೆ ಬೇರೆ ಜೊತೆಯೂ ಇರಲಿಲ್ಲ.

ಜಗಲಿಯ ಮುಂದೆ ನೆರೆಮನೆಯ ಗೌರವ್ವ ಕೂತಿದ್ದಳು. ಪಾರವ್ವ ಅವಳಿಗೆ ತಿಳಿಸಿ ಹೇಳುತ್ತಿದ್ದಳು. "ಅದರೊಳಗ ನೀರು ಐತಂತ. ಕೈ ಕೈ ಹಿಡಕೊಂಡು ನಿಂತೈತಂತ. ನನ್ನ ಮಗಾನ ನಿಲ್ಲಿಸ್ಯಾನ."

ಜಲಜನಕದ ಬಂಧ ಎಂದರೇನೆಂದು ಅವಳು ಒಮ್ಮೆ ಕೇಳಿದಾಗ, ಪೀಡೆ ತೊಲಗಲೆಂದು ಅವನೇ ಹಾಗೆ ಹೇಳಿದ್ದ. ಕೈ ಬಿಟ್ಟರೆ ಏನಾಗುತ್ತದೆಂದು ಹೇಳಿರಲಿಲ್ಲ.

ಹರಳಿನ ಆಕಾರ ಹಾಗೇ ಇತ್ತು. ಹೊಳಪು ಹೋಗಿ ಸುಣ್ಣದಂತೆ ಬೆಳ್ಳಗಾಗಿತ್ತು. ದೀಪದ ಕಾವಿಗೆ, ಬೇಸಿಗೆಯ ಒಣಗಾಳಿಗೆ ಒಳಗಿನ ನೀರು ಹೊರಟುಹೋಗಿತ್ತು. ಅವನು ಬೆರಳು ತಾಗಿಸಿದ. ಪುಡಿಯಾಯಿತು.

"ಯಾಕ ತಮ್ಮಾ, ಹಿಂಗ ಆಗೂದೈತೇನು?" ಎಂದು ತಾಯಿ ಕೇಳಿದಳು.

ಬೈಯಲೆಂದು ಅವನು ತಿರುಗಿದ. ಅವಳ ಮುಖ ನೋಡಿದ. ಅದರಲ್ಲಿ ತುಂಬಿದ್ದ ಹೆಮ್ಮೆ ಕಂಡು, ಅದೂ ಪುಡಿಯಾದೀತೆಂದು ಅವನಿಗೆ ಹೆದರಿಕೆಯಾಯಿತು.

"ಹೂಂ. ಹಿಂಗ ಆಗೂದು."

"ಮುಗೀತೇನು ಹಂಗಾರ ಕೆಲಸ?"

"ಮುಗೀತು."

ಪಾರವ್ವ ಮೂರು ಬೆರಳನ್ನು ಪುಡಿಗೆ ಒತ್ತಿ, ವಿಭೂತಿಯಂತೆ ಮಗನ ಹಣೆಗೆ ಎಳೆದಳು.

"ನೋಡ ಗೌರವ್ವಾ, ಹೆಂಗ ಕಾಣತಾನ!"

"ಖರೇನ ಯವ್ವಾ, ದೊಡ್ಡ ಸಾಹೇಬ ಕಂಡಂಗ ಕಾಣತಾನ."

ಶಿದ್ಲಿಂಗಪ್ಪ ಕದಲಲಿಲ್ಲ. ತಲೆ ಬಗ್ಗಿಸಿದರೆ ಉಳಿದದ್ದೂ ಉದುರುತ್ತಿತ್ತು. ಎದೆ ಸೆಟೆಸಿ, ಗದ್ದ ಎತ್ತಿ, ಉಸಿರು ಬಿಗಿಹಿಡಿದು, ಇಬ್ಬರು ಹೆಂಗಸರೂ ಕಣ್ಣು ತುಂಬ ನೋಡುವಂತೆ ನಿಂತೇ ಇದ್ದ.