ಹುಳಿ ಮರೆತ ಮೀಟರು

ನಾನು ಒಂದು ಪಿ.ಎಚ್. ಮೀಟರು. ಪೆನ್ನಿನಷ್ಟು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಹಳದಿ ಮೈ. ತುದಿಯಲ್ಲಿ ಕಡಲೆಕಾಳಿನ ಗಾತ್ರದ ತೆಳು ಗಾಜಿನ ಗುಳ್ಳೆಯಿದೆ. ನನ್ನ ಜೀವ ಇರುವುದು ಅಲ್ಲೇ. ನೀರಿಗೆ ಅದ್ದಿದರೆ ಅದು ಹುಳಿಯೋ ಸೌಳೋ ಎಂದು ಅಂಕಿಯಲ್ಲಿ ಹೇಳುತ್ತೇನೆ. ಏಳು ಎಂದರೆ ಎರಡೂ ಅಲ್ಲ. ಕೆಳಗಿಳಿದಷ್ಟೂ ಹುಳಿ, ಮೇಲೇರಿದಷ್ಟೂ ಸೌಳು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಮುಚ್ಚಳದೊಳಗೆ ಎರಡು ಹನಿ ಉಪ್ಪುನೀರು ಬಿಟ್ಟು ಗುಳ್ಳೆಯನ್ನು ಮುಚ್ಚಿದಳು. ಆ ಹಸಿ ಆರದೆ ಇದ್ದರೆ ಮಾತ್ರ ನಾನು ನಿಜ ಹೇಳಬಲ್ಲೆ.

ತುಮಕೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿಗೆ ಬಂದೆ. ಅಲ್ಲಿ ವಾರಿಜಾಕ್ಷಿ ಎಂಬ ಸಹಾಯಕಿ ನನ್ನನ್ನು ಹನ್ನೊಂದು ವರ್ಷ ನೋಡಿಕೊಂಡರು. ಪ್ರತಿ ಸೋಮವಾರ, ಪಿ.ಎಚ್. ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣದಲ್ಲಿ ಅದ್ದಿ, ನಾನು ಸರಿಯಾಗಿ ಹೇಳುತ್ತಿದ್ದೇನೆಯೇ ಎಂದು ನೋಡುವರು. ತಪ್ಪಿದ್ದರೆ ತಿದ್ದುವರು. ಹುಡುಗಿಯರಿಗೆ, "ಮೀಟರ್ ತೋರಿಸ್ತು ಅಂತ ನಂಬ್ಕೋಬೇಡ್ರಮ್ಮ, ಮೊದಲು ಮೀಟರನ್ನೇ ಪರೀಕ್ಷೆ ಮಾಡಿ" ಎನ್ನುವರು. ಅವರು ನಿವೃತ್ತರಾದ ವರ್ಷವೇ ಲ್ಯಾಬಿಗೆ ಹೊಸ ಮೀಟರುಗಳು ಬಂದವು. ನನ್ನನ್ನು ಕೇಳಿ ಪಡೆದು, ಕೈಚೀಲದಲ್ಲಿಟ್ಟು ಮನೆಗೆ ತಂದರು.

ಅವರ ಗಂಡ ಮುದ್ದುರಂಗಯ್ಯ ಅಂಗಡಿಗಳಿಗೆ ಬೋರ್ಡು ಬರೆಯುವವರು. ಮಕ್ಕಳಿರಲಿಲ್ಲ. ಎರಡು ವರ್ಷ ನಾನು ಶೋಕೇಸಿನಲ್ಲಿ ಸುಮ್ಮನೆ ಕುಳಿತಿದ್ದೆ. ಆದರೂ ವಾರಿಜಾಕ್ಷಿ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಹನಿ ಬಿಡುವುದನ್ನು ಮರೆಯಲಿಲ್ಲ. ಅಷ್ಟರಲ್ಲಿ ಅವರಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವಾಗಲೇ ಅದು ಬೆನ್ನುಮೂಳೆಗೆ ಇಳಿದಿತ್ತು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅವರು ಬರೆದುಕೊಟ್ಟ ನೋವಿನ ಔಷಧಿ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಬೇರೆ ಮಾತ್ರೆ ನುಂಗಿದರೆ ವಾಂತಿ. ಮಗ್ಗುಲು ಬದಲಿಸಿದರೂ ಅವರು ಹಲ್ಲು ಕಚ್ಚುತ್ತಿದ್ದರು.

ಆಸ್ಪತ್ರೆಯ ವರಾಂಡದಲ್ಲಿ ಯಾರೋ ಮುದ್ದುರಂಗಯ್ಯನವರ ಕಿವಿಯಲ್ಲಿ ಗಾಂಜಾದ ಮಾತು ಹೇಳಿದ್ದರು. ರೋಗ ಹೋಗಲ್ಲ, ಒಂದಿಷ್ಟು ನಿದ್ದೆ ಬರಬಹುದು ಎಂದು. ಅವರು ಎಲ್ಲಿಂದಲೋ ಬೀಜ ತಂದು, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಎರಡು ಬಕೆಟ್ಟುಗಳಲ್ಲಿ ಗಿಡ ಎಬ್ಬಿಸಿದರು. ಸುತ್ತ ಹಳೆಯ ಸೀರೆ ಕಟ್ಟಿದರು.

ವಾರಿಜಾಕ್ಷಿ ಮೊದಲು ಸಿಟ್ಟಾದರು. "ಈ ವಯಸ್ಸಲ್ಲಿ ಜೈಲಿಗೆ ಹೋಗ್ತೀರೇನ್ರೀ?"

"ನೀನು ಹಿಂಗೆ ನರಳೋದನ್ನ ಕೂತು ನೋಡೋದೂ ಜೈಲೇ ಕಣೇ," ಎಂದರು ಗಂಡ.

ಒಂದು ವಾರ ಬಿಟ್ಟು ಆಕೆಯೇ, "ಬೋರಿನ ನೀರು ಸೌಳು, ಗಿಡ ಗೊಬ್ಬರ ಹೀರಲ್ಲ. ಆ ಮೀಟರ್ ತನ್ನಿ," ಎಂದರು. ಹಾಸಿಗೆಯ ಮೇಲಿಂದಲೇ ಗಂಡನಿಗೆ ನನ್ನನ್ನು ಹಿಡಿಯುವುದು ಕಲಿಸಿದರು. ನೀರು ಎಂಟರ ಮೇಲಿರುತ್ತಿತ್ತು. ಒಂದು ಬಕೆಟ್ಟು ನೀರಿಗೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಆರೂವರೆಗೆ ಇಳಿಯುತ್ತಿತ್ತು. ಗಿಡಗಳು ಆಳೆತ್ತರ ಬೆಳೆದು ಹೂಬಿಟ್ಟವು. ಮುದ್ದುರಂಗಯ್ಯ ಸಣ್ಣ ದನಿಯಲ್ಲಿ ಗಿಡಗಳ ಸುದ್ದಿ ತಂದು ಹೇಳುವರು, ಆಕೆ ಕಣ್ಣುಮುಚ್ಚಿ ಕೇಳುವರು. ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳೆಂದರೆ ಅವೇ.

ಕೊಯ್ಲಿಗೆ ಹತ್ತು ದಿನ ಉಳಿದಾಗ ವಾರಿಜಾಕ್ಷಿ ಹೇಳಿದರು, "ಇನ್ಮೇಲೆ ಗೊಬ್ಬರ ನಿಲ್ಲಿಸಿ. ಬರೀ ನೀರು ಹಾಯಿಸಿ, ಮಣ್ಣಲ್ಲಿರೋ ಉಪ್ಪೆಲ್ಲ ತೊಳ್ದು ಹೋಗ್ಲಿ. ಇಲ್ದಿದ್ರೆ ಹೊಗೆ ಗಂಟಲು ಸುಡುತ್ತಂತೆ. ಆದ್ರೆ ನೀರು ಮಾತ್ರ ಸರಿಯಾಗಿರ್ಬೇಕು."

"ಇವತ್ತೇ ಕಿತ್ತುಬಿಡ್ಲಾ? ನಿನ್ ಕೈಲಿ ತಡ್ಕೊಳಕ್ಕಾಗ್ತಿಲ್ಲ."

"ಇಷ್ಟು ದಿನ ತಡ್ದಿದೀನಿ. ಹತ್ತು ದಿನ ತಾನೇ?"

ಎರಡನೆಯ ದಿನ ಮಧ್ಯಾಹ್ನ ಮುದ್ದುರಂಗಯ್ಯ ನನ್ನ ಮುಚ್ಚಳ ತೆಗೆದು ನೀರಿಗೆ ಅದ್ದಿದ್ದರು. ಕೆಳಗಿನಿಂದ ಏನೋ ಬಿದ್ದ ಸದ್ದಾಯಿತು. ಬಚ್ಚಲಿನಲ್ಲಿ ವಾರಿಜಾಕ್ಷಿ ಜಾರಿದ್ದರು. ಮುದ್ದುರಂಗಯ್ಯ ನನ್ನನ್ನು ಪ್ಯಾರಾಪೆಟ್ಟಿನ ಮೇಲೆ ಹಾಗೇ ಎಸೆದು ಓಡಿದರು. ಆಂಬುಲೆನ್ಸು, ಎಕ್ಸ್-ರೇ, ಸೊಂಟದ ಮೂಳೆಗೆ ಬಿರುಕು. ಹೆಂಡತಿಯನ್ನು ಮನೆಗೆ ಕರೆತಂದು ಅವರು ಮತ್ತೆ ತಾರಸಿ ಹತ್ತಿದ್ದು ಎರಡು ದಿನದ ನಂತರ. ಅಷ್ಟೂ ಹೊತ್ತು ನಾನು ಏಪ್ರಿಲ್ ಬಿಸಿಲಿನಲ್ಲಿ ಬರಿಗಾಜಾಗಿ ಬಿದ್ದಿದ್ದೆ. ಮೊದಲು ಹಸಿ ಆರಿತು. ಆಮೇಲೆ ಗುಳ್ಳೆಯ ಒಳಗೇ ಏನೋ ಸತ್ತಿತು.

ಅವರು ಬಂದು ನನ್ನನ್ನು ಒರೆಸಿ ನೀರಿಗೆ ಅದ್ದಿದರು. ಎಂಟು ಎಂದೆ, ಅದು ಹೆಚ್ಚುಕಡಿಮೆ ನಿಜವೇ ಆಗಿತ್ತು. ನಿಂಬೆ ಹಿಂಡಿದರು. ಎಷ್ಟು ಪ್ರಯತ್ನಪಟ್ಟರೂ ನನಗೆ ಹುಳಿಯ ಕಡೆಗೆ ಇಳಿಯಲಾಗಲಿಲ್ಲ. ಅರ್ಧ ಹೋಳಿಗೆ ಏಳೂ ಮುಕ್ಕಾಲು. ಒಂದು ಹಣ್ಣಿಗೆ ಏಳೂಕಾಲು. ಮೂರನೆಯ ಹಣ್ಣು ಹಿಂಡಿದ ಮೇಲೆ ಆರೂವರೆ ಎಂದೆ. ಆ ನೀರು ನಿಜವಾಗಿ ನಾಲ್ಕರ ಹತ್ತಿರ ಇತ್ತು. ಬೇಸಿಗೆಗೆ ಬೋರು ಇನ್ನೂ ಸೌಳಾಗಿದೆ ಎಂದುಕೊಂಡು ಅವರು ಅದನ್ನೇ ಎರಡೂ ಗಿಡಕ್ಕೆ ಸುರಿದರು. ಮಾರನೆಯ ದಿನವೂ ಸುರಿದರು.

"ಮೀಟರ್ ಪರೀಕ್ಷೆ ಮಾಡಿದ್ರಾ?" ಎಂದು ವಾರಿಜಾಕ್ಷಿ ಕೇಳಿದರು.

ಪರೀಕ್ಷೆಗೆ ಬೇಕಾದ ದ್ರಾವಣದ ಪೊಟ್ಟಣ ಎಂದೋ ಮುಗಿದಿತ್ತು. ಅದನ್ನು ತರಲು ಆಕೆಯನ್ನು ಬಹಳ ಹೊತ್ತು ಒಬ್ಬರನ್ನೇ ಬಿಟ್ಟು ಹೋಗಬೇಕಿತ್ತು. "ಮಾಡ್ದೆ. ಸರಿ ಇದೆ," ಎಂದರು.

ಎಲೆಗಳು ಹಳದಿಯಾದವು. ಮಣ್ಣು ತೊಳೆಯುವಾಗ ಎಲೆ ಹಳದಿಯಾಗುವುದು ಸಹಜ ಎಂದು ಆಕೆಯೇ ಹೇಳಿದ್ದರಿಂದ ಅವರಿಗೆ ಭಯವಾಗಲಿಲ್ಲ. ಏಳನೆಯ ದಿನ ಗಿಡಗಳು ಕುತ್ತಿಗೆ ಮುರಿದಂತೆ ಜೋತುಬಿದ್ದವು. ಬೇರು ಕಂದಿ ಲೋಳೆಯಾಗಿತ್ತು, ಹೂವಿನೊಳಗೆ ಬೂದಿಬಣ್ಣದ ಬೂಸ್ಟು ಕೂತಿತ್ತು. ಚೆನ್ನಾಗಿ ಕಂಡದ್ದನ್ನು ಆರಿಸಿ ಒಣಗಿಸಿದರೆ ಒಂದು ಹಿಡಿಯೂ ಆಗಲಿಲ್ಲ. ಅದರ ಹೊಗೆಗೆ ವಾರಿಜಾಕ್ಷಿ ಕೆಮ್ಮಿದರು. ಒಂದೊಂದು ಕೆಮ್ಮಿಗೂ ಮುರಿದ ಸೊಂಟ ಹಿಡಿದುಕೊಂಡು ಕೂಗಿದರು. ಮುದ್ದುರಂಗಯ್ಯ ಉಳಿದದ್ದನ್ನು ಮೂಲೆಗೆಸೆದು ಗೋಡೆಗೆ ಹಣೆ ಚಚ್ಚಿಕೊಂಡರು. "ನಾನೇನು ತಪ್ಪು ಮಾಡ್ದೆ ವಾರಿಜಾ? ನೀನು ಹೇಳ್ದಂಗೇ ಮಾಡಿದ್ನಲ್ಲ!"

ಮರುದಿನ ಅವರು ಹಾಲು ತರಲು ಹೋದಾಗ ವಾರಿಜಾಕ್ಷಿ ಕೈಚಾಚಿ ಕಿಟಕಿಯ ಮೇಲಿದ್ದ ನನ್ನನ್ನು ಎಳೆದುಕೊಂಡರು. ಪಕ್ಕದಲ್ಲಿದ್ದ ಮಜ್ಜಿಗೆಯ ಲೋಟಕ್ಕೆ ಅದ್ದಿದರು. ಮಜ್ಜಿಗೆ ನಾಲ್ಕೂವರೆ ಇರಬೇಕು. ನಾನು ಆರು ಪಾಯಿಂಟ್ ಏಳು ಎಂದೆ. ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. ಸೆರಗಿನ ತುದಿಯಿಂದ ನನ್ನ ಗುಳ್ಳೆಯನ್ನು ಮೆಲ್ಲಗೆ ಒರೆಸಿದರು.

ಗಂಡ ಬಂದು ನೋಡಿ ಗಾಬರಿಯಾದರು. "ಅದನ್ಯಾಕೆ ತಗೊಂಡೆ?"

"ಪರೀಕ್ಷೆ ಮಾಡ್ದೆ. ಸರಿಯಾಗೇ ಇದೆ ಕಣ್ರೀ. ನಿಮ್ದೇನೂ ತಪ್ಪಿಲ್ಲ. ಬೀಜಾನೇ ಸರಿಯಿರ್ಲಿಲ್ಲ ಅನ್ಸತ್ತೆ."

ಹನ್ನೊಂದು ವರ್ಷ ಅರ್ಧ ಪಾಯಿಂಟು ತಪ್ಪಿದರೂ ಸುಮ್ಮನಿರದ ಬಾಯಿ ಅದು. ಹದಿನಾರು ದಿನಕ್ಕೆ ಆಕೆ ತೀರಿಕೊಂಡರು. ಕೊನೆಯವರೆಗೂ ನೋವು ಕಡಿಮೆಯಾಗಲಿಲ್ಲ.

ತಿಥಿ ಮುಗಿದ ವಾರ, ಯಾರೋ ಕೊಟ್ಟ ಸುಳಿವು ಹಿಡಿದು ಪೊಲೀಸರು ಬಂದರು. ತಾರಸಿಯಲ್ಲಿ ಎರಡು ಒಣ ಕಾಂಡಗಳು ಇನ್ನೂ ನಿಂತಿದ್ದವು. ಅವುಗಳನ್ನು ಕೀಳಲು ಮುದ್ದುರಂಗಯ್ಯನವರಿಗೆ ಮನಸ್ಸಾಗಿರಲಿಲ್ಲ.

"ಯಾರಿಗೆ ಮಾರ್ತಿದ್ದೆ?"

"ಯಾರಿಗೂ ಇಲ್ಲ ಸಾರ್. ನನ್ನ ಹೆಂಡ್ತಿಗೆ."

"ಎಲ್ಲಿ, ಕರಿ ಅವಳನ್ನ."

ಮುದ್ದುರಂಗಯ್ಯನವರನ್ನು ಜೀಪಿಗೆ ಹತ್ತಿಸಿದರು. ಕಾಂಡ, ಬಕೆಟ್ಟುಗಳ ಜೊತೆ ನನಗೂ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಠಾಣೆಯ ಮುದ್ದೆಮಾಲು ಕೋಣೆಗೆ ಹಾಕಿದರು. ಕೇಸು ನಾಲ್ಕು ವರ್ಷ ನಡೆಯಿತು. ನನ್ನ ಬ್ಯಾಟರಿಗಳು ಸೋರಿ ಒಳಗೆಲ್ಲ ಹಸಿರು ಕಿಲುಬು ಹಿಡಿಯಿತು.

ಒಂದು ದಿನ ನನ್ನನ್ನು ಕೋರ್ಟಿಗೆ ಒಯ್ದರು. ಕಟಕಟೆಯಲ್ಲಿ ನಿಂತಿದ್ದ ಮುದುಕ ಮುದ್ದುರಂಗಯ್ಯನವರೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಸರ್ಕಾರಿ ವಕೀಲರು ನನ್ನನ್ನು ಎತ್ತಿ ಹಿಡಿದು, "ಇದೇನು?" ಎಂದು ಕೇಳಿದರು.

"ನೀರು ನೋಡೋ ಮೀಟರು ಸ್ವಾಮಿ. ನನ್ನ ಹೆಂಡ್ತೀದು." ಅವರ ದನಿ ಮೊದಲ ಸಲ ಸ್ವಲ್ಪ ಗಟ್ಟಿಯಾಯಿತು. "ಅದು ಸುಳ್ಳು ಹೇಳಲ್ಲ. ಕೊನೇ ಸಲ ಅವಳೇ ಪರೀಕ್ಷೆ ಮಾಡಿ ಸರಿ ಇದೆ ಅಂದಿದ್ಲು."

ಯಾರೋ ನಕ್ಕರು. ಗುಮಾಸ್ತ ಬರೆದುಕೊಂಡ. ಶಿಕ್ಷೆಯಾಯಿತು. ಜಪ್ತಿಯಾದ ವಸ್ತುಗಳನ್ನು ನಾಶಪಡಿಸಬೇಕೆಂದು ಆದೇಶವಾಯಿತು.

ಈಗ ಆ ದಿನಕ್ಕೆ ಕಾದು ಗೋಣಿಚೀಲದಲ್ಲಿ ಬಿದ್ದಿದ್ದೇನೆ. ನೋಡಿದ್ದನ್ನು ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಅದು ಬೇಕಿದ್ದ ದಿನಗಳಲ್ಲೇ ನನ್ನ ಕೈಲಾಗಲಿಲ್ಲ. ನಾನು ಕೆಟ್ಟಿದ್ದೆ ಎಂದು ಗೊತ್ತಿದ್ದವರು ಒಬ್ಬರೇ. ಅವರು ಅದನ್ನು ಯಾರಿಗೂ ಹೇಳದೆ ಹೋದರು. ನನ್ನನ್ನು ಪುಡಿ ಮಾಡುವವರು ಬೇಗ ಬರಲಿ. ಆಮೇಲೆ ಆ ಮನುಷ್ಯನಿಗೆ ನಿಜ ತಿಳಿಯುವ ದಾರಿ ಒಂದೂ ಉಳಿಯುವುದಿಲ್ಲ.