ಜೇಬಿನ ಅಚ್ಚಾದ ಸ್ಕ್ಯಾನ್ ಫಿಲ್ಮು

ನೋವು ನಿಂತರೆ ರೋಗ ಹೋಯಿತು ಎನ್ನುವವರು ನಮ್ಮ ಓಣಿಯಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಮೊದಲನೆಯವರು ನನ್ನ ಗಂಡ ಮಾರೆಣ್ಣ. ನಾನು ಹಂಪಕ್ಕ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಪ್ಯಾಂಟು ಹೊಲಿಯುವ ಮನೆ. ಅವರು ಬಟ್ಟೆ ಕತ್ತರಿಸುತ್ತಾರೆ, ನಾನು ಗುಂಡಿ ಹಾಕುತ್ತೇನೆ.

ಹೋದ ವರ್ಷ ನನಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಯಿತು. ಅದು ಜಠರದ ಹಿಂದೆ ಅಡಗಿರುವ ಗ್ರಂಥಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಿಮೋ ಕೊಟ್ಟರು, ಆಮೇಲೆ ಸೂಜಿ ಚುಚ್ಚಿ ಗಡ್ಡೆಯನ್ನು ಒಳಗೇ ಸುಟ್ಟರು. ಅದಕ್ಕೆ ಅಬ್ಲೇಷನ್ ಅನ್ನುತ್ತಾರೆ. ತಿಂಗಳು ಬಿಟ್ಟು ಸಿಟಿ ಸ್ಕ್ಯಾನ್ ಮಾಡಿ ಫಿಲ್ಮು ಕೊಟ್ಟರು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿ, ಬರುವಾಗ ಈ ಹಳೆಯ ಫಿಲ್ಮು ತನ್ನಿ ಎಂದು ಚೀಟಿ ಬರೆದರು.

ಆ ತಾರೀಖು ಹತ್ತಿರ ಬಂತು. ನೆನಪಿಸಲು ಆಶಾ ಕಾರ್ಯಕರ್ತೆ ಸುಧಾರಾಣಿ ಮನೆಗೆ ಬಂದರು. ಮಾರೆಣ್ಣ ಕತ್ತರಿ ಕೆಳಗಿಡಲಿಲ್ಲ.

“ಆಕಿಗೆ ಈಗ ನೋವಿಲ್ಲ. ಎರಡು ರೊಟ್ಟಿ ಉಣ್ತಾಳ. ಸುಟ್ಟಿದ್ದನ್ನ ಮತ್ತ ಯಾಕ ನೋಡಬೇಕು?”

“ಪೂರಾ ಸುಟ್ಟೈತೋ ಇಲ್ಲೋ ಹೊರಗ ಕಾಣಂಗಿಲ್ಲ ಅಣ್ಣಾ,” ಎಂದರು ಸುಧಾರಾಣಿ. “ಅಂಚಿನ್ಯಾಗ ಒಂದೀಟು ಉಳಿದಿದ್ರೂ ಮತ್ತ ಬೆಳೀತೈತಿ. ನೋವು ಬರೋತನಕ ಕಾದ್ರ ತಡ ಆಗತೈತಿ. ಹಳೇ ಫಿಲ್ಮು ಎಲ್ಲೈತಿ, ಕೊಡ್ರಿ.”

ಮಾರೆಣ್ಣ ಮೇಜಿನ ಮೇಲಿನದೇನನ್ನೋ ಅಂಗೈಯಿಂದ ಮುಚ್ಚಿದರು. ಅವರ ಕೈಕೆಳಗೆ, ಬಟ್ಟೆಯ ಮೇಲೆ, ಕಪ್ಪಗೆ ಹೊಳೆಯುವ ಒಂದು ಜೇಬಿನ ಅಚ್ಚು ಇತ್ತು, ಸುತ್ತ ಗೆರೆ ಎಳೆದು ಜೇಬು ಕತ್ತರಿಸುವ ಮಾದರಿ. ರಟ್ಟಿನ ಅಚ್ಚು ಬೇಗ ಸವೆಯುತ್ತದೆ ಎಂದು ಗಟ್ಟಿ ಪ್ಲಾಸ್ಟಿಕ್ ಹುಡುಕುತ್ತಿದ್ದವರು ನನ್ನ ಸ್ಕ್ಯಾನ್ ಫಿಲ್ಮನ್ನೇ ಕತ್ತರಿಸಿದ್ದರು. ಕಿತ್ತುಕೊಂಡು ಬೆಳಕಿಗೆ ಹಿಡಿದೆ. ನನ್ನ ಬೆನ್ನುಮೂಳೆ ಕಂಡಿತು, ಹೊಟ್ಟೆ ಅರ್ಧಕ್ಕೆ ತುಂಡಾಗಿತ್ತು.

“ನನ್ನ ಹೊಟ್ಟಿ ಮ್ಯಾಲೆ ಗೆರಿ ಎಳದು ಜೇಬು ಕತ್ತರ್ಸೀರೇನು?”

“ರೋಗ ಹೋತಲ್ಲ, ಇನ್ನ ಯಾಕ ಬೇಕು ಅಂದ್ಕಂಡೆ.”

“ಹೋತು ಅಂತ ನಿಮಗ ಯಾರು ಹೇಳಿದ್ರು?”

ಅವರ ದನಿ ಇಳಿಯಿತು. “ನೋಡಿದ್ರ ಮತ್ತ ಐತಿ ಅಂತಾರ ಅಂತ ಹೆದರಿಕಿ ಆಗತೈತಿ ಲೇ. ನೋಡದಿದ್ರ ನೀ ಹಿಂಗ ಇರ್ತಿ ಅನಿಸ್ತೈತಿ.”

ಕನಿಕರ ಬಂತು, ಆದರೆ ನಾನು ಬಿಡಲಿಲ್ಲ. “ಹೆದರಿಕಿ ನನಗೂ ಐತಿ. ಆದ್ರೂ ನಾ ಹೋಗಾಕಿನ. ಬಂದ್ರ ಬರ್ರಿ, ಇಲ್ಲಾಂದ್ರ ಜೇಬು ಕತ್ತರಿಸ್ಕೋತ ಕುಂದರ್ರಿ.”

“ಫಿಲ್ಮು ಹೋದ್ರೂ ಸ್ಕ್ಯಾನು ಬಿಡಬ್ಯಾಡ್ರಿ,” ಎಂದರು ಸುಧಾರಾಣಿ. “ಸ್ಕ್ಯಾನು ಮಾಡಿದ ಆಸ್ಪತ್ರಿಗೆ ಫೋನ್ ಹಚ್ಚಿ ಕೇಳ್ರಿ, ಕಂಪ್ಯೂಟರಿನ್ಯಾಗ ಇದ್ರ ಸೀಡಿ ಕೊಡ್ತಾರ. ಸುಟ್ಟ ಜಾಗ ಮೊದಮೊದಲು ಗಡ್ಡಿಗಿಂತ ದೊಡ್ಡದು ಕಾಣಬಹುದು. ಹಳೇದು ಹೊಸಾದು ಬಾಜೂಕ ಇಟ್ಟು ನೋಡಿದ್ರನ, ಕುಗ್ಗೈತೋ ಬೆಳದೈತೋ ಡಾಕ್ಟರಿಗೆ ತಿಳಿಯೋದು.”

ಕುರುಗೋಡಿನಿಂದ ನನ್ನ ನಾದಿನಿ ವಿರೂಪಮ್ಮ ಫೋನ್ ಮಾಡಿ, ಸುಮ್ಮನಿದ್ದ ರೋಗವನ್ನು ಕೆದಕಬೇಡ ಎಂದಳು. “ಸ್ಕ್ಯಾನು ಕೆದಕಂಗಿಲ್ಲವ್ವ, ಬರೇ ನೋಡತೈತಿ,” ಎಂದು ಹೇಳಿ ಫೋನ್ ಇಟ್ಟೆ.

ಬೆಂಗಳೂರಿಗೆ ಹೋದಾಗ ಆಸ್ಪತ್ರೆಯವರು ಹಳೆಯ ಸ್ಕ್ಯಾನಿನ ಸೀಡಿ ಕೊಟ್ಟರು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಮಾರೆಣ್ಣನೇ ಸ್ಕ್ಯಾನಿಗೂ ಡಾಕ್ಟರ ಹತ್ತಿರಕ್ಕೂ ಜೊತೆಗೆ ಬಂದರು. ಈ ಸಲದ ಸ್ಕ್ಯಾನಿನಲ್ಲಿ ಸುಟ್ಟ ಜಾಗದ ಅಂಚಿಗೆ ಕಡಲೆಕಾಳಿನಷ್ಟು ಹೊಸ ಗಡ್ಡೆಯೊಂದು ಕಂಡಿತು. ಹಳೆಯ ಸ್ಕ್ಯಾನಿನಲ್ಲಿ ಅದು ಇರಲಿಲ್ಲ. ನನಗೆ ಒಂದಿಷ್ಟೂ ನೋವಿರಲಿಲ್ಲ.

“ಸಣ್ಣದಿರುವಾಗಲೇ ಸಿಕ್ಕಿದೆ, ಚಿಕಿತ್ಸೆಗೆ ದಾರಿ ಇದೆ,” ಎಂದರು ಡಾಕ್ಟರು. ಮಾರೆಣ್ಣ ಗೋಡೆಗೆ ಆತುಕೊಂಡು ಅತ್ತರು.

ಈಗ ಮತ್ತೆ ಚಿಕಿತ್ಸೆ ನಡೆದಿದೆ. ಪೂರ್ತಿ ಗುಣವಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಕೊಡದಿದ್ದರೆ ಬೇಡ, ನಾನು ಸೋತು ಕೂರುವವಳಲ್ಲ. ಮುಂದಿನ ಸ್ಕ್ಯಾನಿನ ತಾರೀಖನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮಾರೆಣ್ಣನೇ ಬರೆದಿದ್ದಾರೆ, ಅಳಿಸಿಹೋದಂತೆಲ್ಲ ಮತ್ತೆ ತಿದ್ದುತ್ತಾರೆ.

ಆ ಜೇಬಿನ ಅಚ್ಚು ಹಿಡಿದುಕೊಂಡು ನಾನು ಸಿರುಗುಪ್ಪ, ಕುರುಗೋಡಿನ ಸ್ವಸಹಾಯ ಸಂಘಗಳ ಸಭೆಗೆ ಹೋಗಿ ಈ ಕಥೆ ಹೇಳುತ್ತೇನೆ. ಕುರುಗೋಡಿನಲ್ಲಿ ವಿರೂಪಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ಚಿಕಿತ್ಸೆ ಆಗಿದ್ದರೆ ಇವತ್ತೇ ಫೈಲು ತೆಗೆದು ನೋಡಿ. ಫಿಲ್ಮು, ಸೀಡಿ, ಚೀಟಿ ಎಲ್ಲ ಒಂದೇ ಚೀಲದಲ್ಲಿಡಿ. ಸ್ಕ್ಯಾನಿನ ದಿನ ದಾಟಿದ್ದರೆ ನಾಳೆಯೇ ಡಾಕ್ಟರನ್ನು ಕಾಣಿ. ಹೆದರಿಕೆಯಾದರೆ ಆಗಲಿ, ಹೆದರಿಕೊಂಡೇ ಹೋಗಿ. ಮನೆಯಲ್ಲಿ ಯಾರಾದರೂ ಬೇಡ ಅಂದರೆ, ಬಳ್ಳಾರಿಯ ಹಂಪಕ್ಕನನ್ನು ಕರೆಸುತ್ತೇನೆ ಎಂದು ಹೇಳಿ. ನಾನು ಬರುತ್ತೇನೆ.