ಮೊಗ್ಗು ಚಿವುಟುವವನು

ಹದಿಮೂರನೆಯ ಮೊಗ್ಗನ್ನೂ ಚಿವುಟಿ ಜೇಬಿಗೆ ಹಾಕಿಕೊಂಡ. ಕೆಳಗೆ ಬಿಸಾಡಿದರೆ ಪಕ್ಕದ ಮನೆಯ ನರ್ಸಮ್ಮನ ಕಣ್ಣಿಗೆ ಬೀಳುತ್ತದೆ.

ನರ್ಸಮ್ಮ ಆಗಲೇ ನೋಡಿದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ಕಂಡವರ ನಾಡಿ ಹಿಡಿಯುವ ಚಾಳಿ ಬಿಟ್ಟಿರಲಿಲ್ಲ.

"ಮೇಷ್ಟ್ರೇ, ಇನ್ನೂ ಚಿವುಟ್ತಾನೇ ಇದ್ದೀರಲ್ಲ?"

"ಗಿಡ ದಟ್ಟ ಆಗ್ಬೇಕಲ್ಲ."

"ಆಗ್ಲೇ ಪೊದೆ ಆಗಿದೆ. ಹೂ ಬಿಡೋಕೆ ಬಿಡಿ ಅದನ್ನ."

"ನೋಡೋಣ."

"ಸಂಜೆಗೆ ಹಿಮ ಬೀಳುತ್ತಂತೆ. ಒಳಗಿಡಿ, ಈ ಜಾತಿ ಚಳಿ ತಡ್ಕೊಳಲ್ಲ."

ಐದು ತಿಂಗಳ ಹಿಂದೆ ಅಣ್ಣನ ಮನೆಗೆ ಹೊರಟ ದಿನ ಹೆಂಡತಿ ಸೇವಂತಿಗೆಯಂಥ ಬಿಳಿ ಹೂ ಬಿಡುವ ಈ ಮಾರ್ಗರೀಟ್ ಡೇಸಿಯ ಕಡ್ಡಿಯನ್ನು ಕುಂಡದಲ್ಲಿ ನೆಟ್ಟಿದ್ದಳು. ಜಗಳವೇನೂ ಆಗಿರಲಿಲ್ಲ. ಜಗಳಕ್ಕೆ ಬೇಕಾಗುವಷ್ಟು ಮಾತೂ ಆ ಮನೆಯಲ್ಲಿ ಉಳಿದಿರಲಿಲ್ಲ. "ಹೂ ಬಿಟ್ಟ ದಿನ ಫೋನ್ ಮಾಡಿ, ಬರ್ತೀನಿ" ಅಂದಿದ್ದಳು. "ಇದನ್ನಾದ್ರೂ ನೋಡ್ಕೋತೀರಾ ನೋಡೋಣ."

ಮೊದಲ ಆರು ವಾರ ತುದಿ ಚಿವುಟಿ, ಆಮೇಲೆ ಕೈ ಹಚ್ಚಬೇಡಿ ಎಂದಿದ್ದ ನರ್ಸರಿಯವನು. ಇವನು ಮೊದಲರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಕಾರಣಗಳಿಗೇನು ಬರ? ಒಂದೇ ಸಲ ನೂರು ಹೂ ಬಿಡಲಿ, ಅವಳು ಬೆರಗಾಗಲಿ ಎಂದು ಪ್ರತಿ ಬೆಳಿಗ್ಗೆ ತನಗೆ ತಾನೇ ಟೋಪಿ ಹಾಕಿಕೊಳ್ಳುತ್ತಿದ್ದ. ಅವಳು ಬರಲಿ ಎಂಬ ಆಸೆ ನಿಜ. ಬಂದರೆ ಎದುರು ಕೂತು ಏನಾದರೂ ಮಾತಾಡಬೇಕಲ್ಲ ಎಂಬ ಭಯವೂ ಅಷ್ಟೇ ನಿಜ.

ಮಧ್ಯಾಹ್ನ ಅವಳೇ ಫೋನ್ ಮಾಡಿದಳು.

"ಹೂ ಬಿಡ್ತಾ?"

"ಇನ್ನೂ ಇಲ್ಲ."

"ಮೊಗ್ಗು?"

"ಕಾಣ್ತಿಲ್ಲ."

"ನರ್ಸಮ್ಮ ಎಲ್ಲಾ ಹೇಳಿದ್ರು. ನೀವೇ ಹೇಳ್ತೀರೇನೋ ಅಂತ ಕೇಳ್ದೆ."

ಅವನು ಜೇಬಿನೊಳಗಿನ ಮೊಗ್ಗುಗಳನ್ನು ಬೆರಳಲ್ಲಿ ಹೊಸಕಿದ.

"ಹೋಗ್ಲಿ, ಹೂ ಬೇಡ. ಸಂಜೆ ಬಸ್ಸಿಗೆ ಬರ್ತೀನಿ. ಬಾಗಿಲಾದ್ರೂ ತೆಗೀರಿ. ತೆಗೀದಿದ್ರೆ ಇನ್ನು ಕೇಳಲ್ಲ."

ಸಂಜೆ ಬೆಟ್ಟದೂರಿನ ಚಳಿ ಏರಿತು. ಕುಂಡವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಒಳಗೆ ತಂದು ಬೀದಿ ಕಡೆಯ ಕಿಟಕಿಯಲ್ಲಿಟ್ಟ. ಎಲೆಗಳ ಧೂಳು ಒರೆಸಿದ. ತನ್ನ ಶಾಲನ್ನು ತೆಗೆದು ಕುಂಡಕ್ಕೆ ಸುತ್ತಿದ. ಇಷ್ಟು ಮುತುವರ್ಜಿ ತನ್ನಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಗೇಟಿನ ಸದ್ದಾಯಿತು. ಎಲೆಗಳ ಸಂದಿಯಿಂದ ನೋಡಿದ. ಅವಳ ಕೈಯಲ್ಲಿ ಒಂದು ಚೀಲ, ಮೈಮೇಲೆ ತೆಳ್ಳನೆಯ ಬಟ್ಟೆ. ಬೆಲ್ ಒತ್ತಿದಳು.

ಮೊದಲ ಮಾತು ಏನಿರಬೇಕೆಂದು ಅವನು ಯೋಚಿಸತೊಡಗಿದ. ಬಾ ಅನ್ನಬೇಕೆ, ಬಂದೆಯಾ ಅನ್ನಬೇಕೆ. ಎರಡೂ ಸುಳ್ಳಿನಂತೆ ಕೇಳಿಸಿತು.

ಎರಡನೆಯ ಬೆಲ್ ಆಯಿತು.

"ರೀ, ಒಳಗಿದ್ದೀರಿ ಅಂತ ಗೊತ್ತು. ತುಂಬಾ ಚಳಿ ಇದೆ."

ಅವನು ಎಲೆಗಳ ಮರೆಗೆ ಸರಿದ.

ಹಿಮ ಇಳಿಯತೊಡಗಿತ್ತು. ಮೆಟ್ಟಿಲ ಪಕ್ಕ, ಕುಂಡವಿದ್ದ ಜಾಗದಲ್ಲಿ, ಅವಳು ಮೈ ಮುದುಡಿಕೊಂಡು ಕೂತಳು. ಒಳಗೆ ಅವನು ಸದ್ದಾಗದಂತೆ ಬಗ್ಗಿ, ಜಾರಿದ್ದ ಶಾಲನ್ನು ಗಿಡದ ಬುಡಕ್ಕೆ ಇನ್ನಷ್ಟು ಬಿಗಿಯಾಗಿ ಸುತ್ತಿದ.